ದೂರದ ಗುರಿಗೆ ಯಾವ ತೋಟೆ? ಮೊದಲು ಹೆಗಲನ್ನು ಕೇಳಿ

ಕೊಲರಾಡೊದಲ್ಲಿರುವ ಗೆಳೆಯನೊಬ್ಬ ಅಂಗಡಿಯವನ ಮಾತು ಕೇಳಿ .300 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ದೊಡ್ಡ ತೋಟೆಯ ರೈಫಲ್ ತಂದ. ‘ದೂರ ಹೊಡೀಬೇಕು ಅಂದ್ರೆ ದೊಡ್ಡದೇ ಬೇಕು’ ಅಂತ ಅವನ ವಾದ. ಮೂರನೇ ಗುಂಡಿಗೇ ಸ್ಕೋಪಿನ (ರೈಫಲ್ ಮೇಲಿನ ದುರ್ಬೀನಿನ) ಅಂಚು ಹುಬ್ಬಿಗೆ ಬಡಿದು ರಕ್ತ ಬಂತು. ಆಮೇಲೆ 100 ಗಜದಲ್ಲಿಟ್ಟ ಕಾಗದಕ್ಕೂ ಅವನ ಗುಂಡು ನೆಟ್ಟಗೆ ಬೀಳಲಿಲ್ಲ.

ಮೊದಲು ಕಾನೂನು ನೋಡಿಕೊಳ್ಳಿ. ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಬೇಟೆಯ ಮಾತೇ ಇಲ್ಲ. ಅಮೆರಿಕದಲ್ಲೂ ಎಚ್-1ಬಿ ವೀಸಾದವರು ಸುಮ್ನೆ ಹೋಗಿ ಕೋವಿ ಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಕೊಲರಾಡೊದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಕನಿಷ್ಠ 6 ಮಿ.ಮೀ. ಕ್ಯಾಲಿಬರ್ (ಗುಂಡಿನ ಅಡ್ಡಗಲ), 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ, ಒಳಗೆ ಹೋಗಿ ಅರಳುವ ಗುಂಡು ಬೇಕು. ಅಲ್ಲಿಗೆ ಅದಕ್ಕಿಂತ ಸಣ್ಣ .223 ತೋಟೆ ಪಟ್ಟಿಯಿಂದ ಹೊರಗೆ.

ಆಮೇಲೆ ದೂರ. 1,000 ಗಜದ ಕಬ್ಬಿಣದ ತಟ್ಟೆಗೆ ಗುರಿ ತಪ್ಪಿದರೆ ಯಾರಿಗೂ ನೋವಿಲ್ಲ. ಎಲ್ಕ್ ಹಾಗಲ್ಲ. ಹೊಸಬರು 300 ಗಜ ದಾಟಬೇಡಿ. ಇದರಲ್ಲಿ ನನ್ನ ಹತ್ತಿರ ಚೌಕಾಸಿ ಇಲ್ಲ.

ಈಗ ಗಾಳಿ. 1952ರ .308 ವಿಂಚೆಸ್ಟರ್, 2007ರ 6.5 ಕ್ರೀಡ್‌ಮೋರ್ ಈ ಎರಡು ತೋಟೆಗಳನ್ನೂ ಅಕ್ಕಪಕ್ಕದಲ್ಲಿಡಿ. ಗಂಟೆಗೆ 10 ಮೈಲಿಯ ಅಡ್ಡಗಾಳಿ 1,000 ಗಜದಲ್ಲಿ .308ರ 175 ಗ್ರೇನ್ ಗುಂಡನ್ನು ಸುಮಾರು 2.4 ಮೀಟರ್ ತಳ್ಳುತ್ತದೆ. ಕ್ರೀಡ್‌ಮೋರ್‌ನ 140 ಗ್ರೇನ್ ಗುಂಡು ಉದ್ದ, ತೆಳು. ಅದು ಸುಮಾರು 1.7 ಮೀಟರ್ ಸರಿಯುತ್ತದೆ. ಗುಂಡು ಎಷ್ಟು ಕೆಳಗಿಳಿಯುತ್ತದೆ ಅನ್ನುವುದನ್ನು ಫೋನಿನ ಆ್ಯಪ್ ಹೇಳಿಬಿಡುತ್ತದೆ. ನಡುದಾರಿಯ ಗಾಳಿಯನ್ನು ಮಾತ್ರ ಹುಲ್ಲು ಬಾಗುವುದು ನೋಡಿ ನೀವೇ ಊಹಿಸಬೇಕು. ಊಹೆ ತಪ್ಪಿದಾಗ ಕಡಿಮೆ ಸರಿಯುವ ಗುಂಡೇ ಕೈ ಹಿಡಿಯುವುದು.

ಎಲ್ಲರೂ ಎಡವುವುದು ಗುಂಡು ಹಾರಿದಾಗ ಹೆಗಲಿಗೆ ಬೀಳುವ ಒದೆತದಲ್ಲಿ. ಮ್ಯಾಗ್ನಮ್‌ನ ಒದೆತ ಕ್ರೀಡ್‌ಮೋರ್‌ನ ಸುಮಾರು ಎರಡರಷ್ಟು. ಒಂದೆರಡು ಗುಂಡಿಗೆ ಗೊತ್ತಾಗುವುದಿಲ್ಲ. ಹತ್ತಾದ ಮೇಲೆ ಮೈ ತಾನಾಗಿ ಅಂಜುತ್ತದೆ, ನಿಮಗೆ ಅದು ಕಾಣುವುದೇ ಇಲ್ಲ. ಹೀಗೆ ಮಾಡಿ: ಕೊಳ್ಳುವ ಮೊದಲು ರೇಂಜಿನಲ್ಲಿ ಅದೇ ಕ್ಯಾಲಿಬರಿನ ರೈಫಲ್ ಬಾಡಿಗೆಗೆ ಪಡೆಯಿರಿ. ಜೊತೆಯವರಿಗೆ ಮ್ಯಾಗಜೀನ್ (ತೋಟೆ ತುಂಬುವ ಡಬ್ಬಿ) ಕೊಟ್ಟು, ನಿಜವಾದ ತೋಟೆಗಳ ನಡುವೆ ಮದ್ದಿಲ್ಲದ ಎರಡು ಡಮ್ಮಿ ತೋಟೆ ಸೇರಿಸಲು ಹೇಳಿ. ಎಲ್ಲಿ ಅಂತ ನಿಮಗೆ ಹೇಳಬಾರದು. ಡಮ್ಮಿ ಬಂದಾಗ ‘ಟಿಕ್’ ಅನ್ನುತ್ತದಷ್ಟೆ. ಆ ಕ್ಷಣ ನಳಿಕೆಯ ತುದಿ ಕಲ್ಲಿನಂತೆ ನಿಂತಿದ್ದರೆ ಸರಿ. ಕೆಳಗೆ ಕುಕ್ಕಿದರೆ, ಕಣ್ಣು ಮುಚ್ಚಿಹೋದರೆ, ಆ ಕ್ಯಾಲಿಬರ್ ನಿಮ್ಮದಲ್ಲ. ನನ್ನ ಗೆಳೆಯನ ನಳಿಕೆ ಕೋಳಿ ಕಾಳು ಹೆಕ್ಕುವಂತೆ ಕುಕ್ಕಿತು, ನಗು ತಡೆಯಲಾಗಲಿಲ್ಲ.

ನಳಿಕೆಯ ತುದಿಗೆ ಬ್ರೇಕ್ (ಹೊಗೆಯನ್ನು ಪಕ್ಕಕ್ಕೆ ತಿರುಗಿಸುವ ತೂತಿನ ತುಂಡು) ಹಾಕಿಸಿದರೆ ಒದೆತ ಇಳಿಯುತ್ತದೆ ನಿಜ. ಆದರೆ ಸದ್ದು ಎಷ್ಟು ಜಾಸ್ತಿ ಅಂದರೆ ಪಕ್ಕದ ಬೆಂಚಿನವರು ಗಂಟು ಮೂಟೆ ಕಟ್ಟುತ್ತಾರೆ.

ನನ್ನ ಆಯ್ಕೆ 6.5 ಕ್ರೀಡ್‌ಮೋರ್, ಒಳಗಿನ ತಿರುವು ಗೀರು 8 ಇಂಚಿಗೊಂದು ಸುತ್ತು ಬರುವ ನಳಿಕೆ. ವಾರವಾರ ನೂರಾರು ಗುಂಡು ಹೊಡೆಯುವವರಾದರೆ .308 ಒಳ್ಳೆಯದು, ಅದರ ನಳಿಕೆ ಹೆಚ್ಚು ಕಾಲ ಬಾಳುತ್ತದೆ. ಅಗ್ಗದ ಬಲ್ಕ್ ತೋಟೆ ಯಾವುದಕ್ಕೂ ಬೇಡ.

ಗುರಿಪಂದ್ಯದ ಮ್ಯಾಚ್ ಗುಂಡನ್ನು ಬೇಟೆಗೆ ಒಯ್ಯಬೇಡಿ, ಅದು ನಂಬಿಕೆಯಾಗಿ ಅರಳುವುದಿಲ್ಲ. ಬೇಟೆಯ ಗುಂಡು ಹಾಕಿದ ದಿನ ಮತ್ತೆ 100 ಗಜದ ಕಾಗದದ ಮುಂದೆ ಕೂತು ಸ್ಕೋಪ್ ಹೊಂದಿಸಿ. ಎರಡೂ ಒಂದೇ ಕಡೆ ಬೀಳುವುದು ಅಪರೂಪ.