ಹಳಿ ರಿಪೇರಿ ದಿನ ಮ್ಯೂನಿಕ್ ಏರ್‌ಪೋರ್ಟಿಗೆ: ಹೊಸದಾಗಿ ಬಂದವರಿಗೆ ಒಂದಿಷ್ಟು ದಾರಿ

ಮ್ಯೂನಿಕ್‌ಗೆ ಹೊಸದಾಗಿ ಬಂದ ನಮ್ಮವರಿಗೆ ಇಲ್ಲಿನ ಎಸ್-ಬಾನ್ (ಊರಿಗೂ ಸುತ್ತಲಿನ ಜಾಗಗಳಿಗೂ ಓಡುವ ಲೋಕಲ್ ರೈಲು) ಬಲು ಬೇಗ ಇಷ್ಟವಾಗುತ್ತದೆ. ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ಹೊತ್ತಿಗೆ ಮುಂಚೆಯೇ ಮನೆ ಬಿಟ್ಟು ಅಭ್ಯಾಸ ಇರುವವರು ನಾವು. ಇಲ್ಲಿಯಾದರೋ ಊರ ನಡುವೆ ರೈಲು ಹತ್ತಿ ಕೂತರೆ ಮುಕ್ಕಾಲು ಗಂಟೆಯೊಳಗೆ ಟರ್ಮಿನಲ್ ಕೆಳಗೇ ಇಳಿಯಬಹುದು. ಆ ಧೈರ್ಯದಲ್ಲೇ ಒಂದು ಶನಿವಾರ ಸೂಟ್‌ಕೇಸ್ ಎಳೆದುಕೊಂಡು ಸ್ಟೇಷನ್‌ಗೆ ಹೋದರೆ ರೈಲೇ ಇರುವುದಿಲ್ಲ. ಹಳಿ ರಿಪೇರಿ. ಬದಲಿಗೆ ಎಲ್ಲೋ ಒಂದು ಬಸ್ಸು ಇದೆಯಂತೆ. ಈ ಬರಹ ಅಂಥ ಶನಿವಾರಕ್ಕೆ.

ಮೊದಲು ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಳ್ಳಿ, ಆಗ ದಾರಿ ತಾನಾಗಿ ಹೊಳೆಯುತ್ತದೆ. ಊರಿನ ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ಒಂದು ಮುಖ್ಯ ಹಳಿ ಇದೆ. ಇದಕ್ಕೆ ಷ್ಟಾಮ್‌ಷ್ಟ್ರೆಕೆ ಅನ್ನುತ್ತಾರೆ. ಹಾಪ್ಟ್‌ಬಾನ್‌ಹೋಫ್ (ಮುಖ್ಯ ಸ್ಟೇಷನ್), ಮಾರಿಯೆನ್‌ಪ್ಲಾಟ್ಸ್, ಓಸ್ಟ್‌ಬಾನ್‌ಹೋಫ್ (ಪೂರ್ವದ ಸ್ಟೇಷನ್) ಎಲ್ಲ ಇದರ ಮೇಲೇ ಬರುತ್ತವೆ. 1972ರ ಒಲಿಂಪಿಕ್ಸ್‌ಗೆ ಮುಂಚೆ ಕಟ್ಟಿದ ಸುರಂಗ. ಹೋಗುವುದಕ್ಕೊಂದು, ಬರುವುದಕ್ಕೊಂದು ಹಳಿ, ಅಷ್ಟೇ. ಇವತ್ತಿಗೂ ಹೆಚ್ಚುಕಡಿಮೆ ಎಲ್ಲ ಎಸ್-ಬಾನ್‌ಗಳೂ ಇದರಲ್ಲೇ ನುಗ್ಗಬೇಕು. ಬೆಂಗಳೂರಿನ ಬಸ್ಸೆಲ್ಲ ಒಂದೇ ಓಣಿಯಲ್ಲಿ ಮೆಜೆಸ್ಟಿಕ್ ಸೇರಬೇಕು ಅಂದ ಹಾಗೆ. ಎರಡನೇ ಸುರಂಗದ ಕೆಲಸ 2017ರಲ್ಲಿ ಶುರುವಾಗಿದೆ, ಮುಗಿಯುವುದು 2030ರ ದಶಕದಲ್ಲಿ. ಅಲ್ಲಿಯವರೆಗೆ ಹಳೆಯದನ್ನು ರಿಪೇರಿ ಮಾಡಬೇಕು ಅಂದರೆ ಮುಚ್ಚಲೇಬೇಕು. ಮುಚ್ಚುವುದು ಹೆಚ್ಚಾಗಿ ವಾರಾಂತ್ಯದಲ್ಲಿ. ಶುಕ್ರವಾರ ರಾತ್ರಿ ಶುರುವಾದರೆ ಸೋಮವಾರ ಬೆಳಗಿನ ಜಾವದವರೆಗೆ. ನಾವು ಊರಿಗೆ ಹೊರಡುವುದೂ ಅದೇ ವಾರಾಂತ್ಯಕ್ಕೆ, ಅಲ್ವಾ?

ಏರ್‌ಪೋರ್ಟಿಗೆ ಎರಡು ರೈಲು. ಎಸ್8 ಪೂರ್ವದ ಕಡೆಯಿಂದ, ಓಸ್ಟ್‌ಬಾನ್‌ಹೋಫ್, ಇಸ್ಮಾನಿಂಗ್ ಮೇಲೆ ಹೋಗುತ್ತದೆ. ಎಸ್1 ಪಶ್ಚಿಮದ ಕಡೆಯಿಂದ, ಫೆಲ್ಡ್‌ಮೋಖಿಂಗ್, ನೊಯ್‌ಫಾರ್ನ್ ಮೇಲೆ. ಮಾಮೂಲಿ ದಿನ ಒಂದೊಂದೂ 20 ನಿಮಿಷಕ್ಕೊಮ್ಮೆ ಬರುತ್ತದೆ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ರಿಪೇರಿ ದಿನ ಬದಲಿ ಬಸ್ಸನ್ನು ಮೊದಲು ಹುಡುಕಬೇಡಿ. ಹಳಿ ಎಲ್ಲಿ ಮುಚ್ಚಿದೆ ಅಂತ ಹುಡುಕಿ. ಮುಚ್ಚಿರುವ ತುಂಡನ್ನು ಯು-ಬಾನ್‌ನಲ್ಲಿ, ಅಂದರೆ ಇಲ್ಲಿನ ಮೆಟ್ರೋದಲ್ಲಿ ದಾಟಿ, ಆಚೆ ಬದಿಯಲ್ಲಿ ಎಸ್-ಬಾನ್ ಹತ್ತಿ. ಯು-ಬಾನ್ ನಗರಸಭೆಯ ಕಂಪನಿಯದು, ಅದರ ಹಳಿಯೇ ಬೇರೆ. ಎಸ್-ಬಾನ್ ಸುರಂಗ ಮುಚ್ಚಿದರೂ ಅದು ಓಡುತ್ತಿರುತ್ತದೆ.

ಊರ ನಡುವಿನ ಸುರಂಗ ಮುಚ್ಚಿದೆ ಅಂದುಕೊಳ್ಳಿ. ಎಸ್8 ಸಾಮಾನ್ಯವಾಗಿ ಓಸ್ಟ್‌ಬಾನ್‌ಹೋಫ್‌ನಿಂದ ಏರ್‌ಪೋರ್ಟಿಗೆ ಓಡುತ್ತಿರುತ್ತದೆ. ಹಾಪ್ಟ್‌ಬಾನ್‌ಹೋಫ್‌ನಲ್ಲೋ ಓಡಿಯೋನ್ಸ್‌ಪ್ಲಾಟ್ಸ್‌ನಲ್ಲೋ ಯು5 ಹತ್ತಿದರೆ ನೇರ ಓಸ್ಟ್‌ಬಾನ್‌ಹೋಫ್. ನೊಯ್‌ಪರ್ಲಾಖ್ ಕಡೆ ಮನೆ ಇರುವವರಿಗಂತೂ ಯು5 ಮನೆ ಬಾಗಿಲಿನ ರೈಲು, ಅವರಿಗೆ ಸುರಂಗ ಮುಚ್ಚಿದ್ದೇ ಗೊತ್ತಾಗುವುದಿಲ್ಲ. ಉತ್ತರದ ಕಡೆ ಇರುವವರು ಯು2 ಹಿಡಿದು ಕೊನೆಯ ಸ್ಟೇಷನ್ ಫೆಲ್ಡ್‌ಮೋಖಿಂಗ್‌ಗೆ ಹೋಗಿ. ಅಲ್ಲಿ ಯು-ಬಾನ್ ನೆಲದಡಿ, ಎಸ್1 ಮೇಲೆ. ಲಿಫ್ಟ್ ಇದೆ. ಹಾಪ್ಟ್‌ಬಾನ್‌ಹೋಫ್‌ನಲ್ಲಿ ದಾರಿ ಬದಲಾಯಿಸುವುದಾದರೆ ಕಾಲು ಗಂಟೆ ಎತ್ತಿಡಿ. ಆ ಸ್ಟೇಷನ್ನೇ ಒಡೆದು ಕಟ್ಟುತ್ತಿದ್ದಾರೆ. ಯು2ಗೂ ಯು5ಗೂ ಬೇರೆ ಬೇರೆ ಅಂತಸ್ತು. ಹೋದ ತಿಂಗಳು ಇದ್ದ ದಾರಿ ಈ ತಿಂಗಳು ಇರುತ್ತದೆ ಅಂತ ಹೇಳಲಾಗುವುದಿಲ್ಲ.

ಕೆಲವು ಸಲ ಸುರಂಗ ಸರಿಯಾಗೇ ಇರುತ್ತದೆ, ಆಚೆಯ ಹಳಿ ಮುಚ್ಚಿರುತ್ತಾರೆ. ಎಸ್8ರ ದಾರಿ ಮುಚ್ಚಿದ್ದರೆ ಎಸ್1, ಎಸ್1ರ ದಾರಿ ಮುಚ್ಚಿದ್ದರೆ ಎಸ್8. ಇದರಲ್ಲಿ ತಲೆ ಓಡಿಸುವಂಥದ್ದು ಏನೂ ಇಲ್ಲ. ಆದರೆ ಎರಡು ರೈಲಿನ ಜನ ಒಂದರಲ್ಲಿ ತುಂಬಿರುತ್ತಾರೆ, ಅದಕ್ಕೆ ತಯಾರಿರಿ. ಫ್ರೈಸಿಂಗ್‌ಗೆ ಹೋಗುವ ರೀಜನಲ್ ರೈಲು ಹಿಡಿದು, ಅಲ್ಲಿಂದ 635 ನಂಬರ್ ಬಸ್ಸಿನಲ್ಲಿ ಏರ್‌ಪೋರ್ಟ್ ಸೇರುವ ದಾರಿಯೂ ಒಂದಿದೆ. ಸುರಂಗ ಮುಚ್ಚಿದ ದಿನ ಇದು ಒಳ್ಳೆಯ ದಾರಿ, ಯಾಕೆಂದರೆ ರೀಜನಲ್ ರೈಲು ಹಾಪ್ಟ್‌ಬಾನ್‌ಹೋಫ್‌ನ ಮೇಲಿನ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ, ಸುರಂಗಕ್ಕೆ ಇಳಿಯುವುದೇ ಇಲ್ಲ. ಆದರೆ ಎಸ್1ರ ಹಳಿ ಮುಚ್ಚಿದ ದಿನ ಇದನ್ನು ನಂಬಬೇಡಿ. ಫ್ರೈಸಿಂಗ್‌ವರೆಗೆ ಎರಡೂ ಒಂದೇ ಹಳಿಯ ಮೇಲೆ ಓಡುತ್ತವೆ.

ಇನ್ನು ಎಸ್1ರ ಒಂದು ತರಲೆ. ಇದು ರಿಪೇರಿ ಇಲ್ಲದ ದಿನವೂ ಇರುವಂಥದ್ದೇ. ನೊಯ್‌ಫಾರ್ನ್‌ನಲ್ಲಿ ರೈಲು ಎರಡು ಭಾಗವಾಗುತ್ತದೆ. ಮುಂದಿನ ಭಾಗ ಫ್ರೈಸಿಂಗ್‌ಗೆ, ಹಿಂದಿನ ಭಾಗ ಏರ್‌ಪೋರ್ಟಿಗೆ. ಹೊಸಬರು ಸೀಟು ಸಿಕ್ಕಿತಲ್ಲ ಅಂತ ಮುಂದಿನ ಬೋಗಿಯಲ್ಲಿ ಆರಾಮಾಗಿ ಕೂತಿರುತ್ತಾರೆ, ಅನೌನ್ಸ್‌ಮೆಂಟ್ ಕಡೆ ಕಿವಿ ಇರುವುದಿಲ್ಲ. ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲೂ ಬೋಗಿಯ ಹೊರಗೂ ಫ್ಲೂಗ್‌ಹಾಫೆನ್ (ಏರ್‌ಪೋರ್ಟ್) ಅಂತ ಬರೆದಿರುವ ಭಾಗಕ್ಕೇ ಹತ್ತಿ. ಗಿಜಿಗುಡುವ ದಿನ ರೈಲೊಳಗೆ ಸೂಟ್‌ಕೇಸ್ ಎಳೆದುಕೊಂಡು ಹಿಂದಕ್ಕೆ ಹೋಗೋಣ ಅಂದರೆ ಆಗುವುದಿಲ್ಲ, ಎರಡು ಭಾಗಗಳ ನಡುವೆ ಒಳಗಿಂದ ದಾರಿಯೇ ಇಲ್ಲ. ತಪ್ಪಿ ಫ್ರೈಸಿಂಗ್ ತಲುಪಿದರೆ ಗಾಬರಿ ಬೇಡ, ಮೇಲೆ ಹೇಳಿದ 635 ಬಸ್ಸು ಅಲ್ಲೇ ಸಿಗುತ್ತದೆ. ಹಾಗೆಯೇ, ಎಸ್1 ಆಗಲಿ ಎಸ್8 ಆಗಲಿ, ಏರ್‌ಪೋರ್ಟಿಗಿಂತ ಮುಂಚೆ ಬೆಸೂಖರ್‌ಪಾರ್ಕ್ ಅಂತ ಒಂದು ಸ್ಟಾಪ್ ಬರುತ್ತದೆ. ಅದರ ಹೆಸರಿನಲ್ಲೂ ಫ್ಲೂಗ್‌ಹಾಫೆನ್ ಇದೆ. ಅಲ್ಲಿ ಇಳಿಯಬೇಡಿ. ಅದು ವಿಮಾನ ನೋಡಲು ಬರುವವರ ಜಾಗ. ನಿಮ್ಮದು ಅದರ ಮುಂದಿನದು, ಕೊನೆಯದು.

ಯಾವ ದಾರಿಯೂ ಇಲ್ಲದೆ ಬದಲಿ ಬಸ್ಸೇ ಗತಿ ಅಂದಾಗ ಬೋರ್ಡಿನಲ್ಲಿ ಎಸ್‌ಇವಿ ಅನ್ನುವ ಮೂರು ಅಕ್ಷರ ಹುಡುಕಿ. ಬಸ್ ನಿಲ್ಲುವ ಜಾಗ ಸ್ಟೇಷನ್ ಬಾಗಿಲಲ್ಲೇ ಇರಬೇಕು ಅಂತೇನಿಲ್ಲ, ಎಷ್ಟೋ ಸಲ ಹಿಂದಿನ ರಸ್ತೆಯಲ್ಲಿರುತ್ತದೆ. ಬಸ್ಸಿನ ಒಳಗೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ. ಇದು ಊರೊಳಗಿನ ಬಸ್ಸು, ಲಗೇಜಿಗೆ ಬೇರೆ ಜಾಗ ಇಲ್ಲ. ನಡುವಿನ ಬಾಗಿಲ ಎದುರು ಮಗುವಿನ ಗಾಡಿ, ವೀಲ್‌ಚೇರ್ ನಿಲ್ಲಿಸಲು ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ನಾಲ್ಕು ದೊಡ್ಡ ಸೂಟ್‌ಕೇಸ್ ಬಂದರೆ ಅದು ಮುಗಿಯಿತು. ಐದನೆಯದು ನಿಮ್ಮ ಮೊಣಕಾಲ ನಡುವೆ. ಬಸ್ಸು ತಿರುಗಿದಾಗ ಚಕ್ರದ ಸೂಟ್‌ಕೇಸ್ ತನ್ನಷ್ಟಕ್ಕೆ ತಾನೇ ಹೊರಟು ಎದುರಿನ ಅಜ್ಜಿಯ ಕಾಲಿಗೆ ಹೋಗಿ ಬಡಿಯುತ್ತದೆ. ಅಜ್ಜಿ ಏನೂ ಅನ್ನುವುದಿಲ್ಲ, ಸುಮ್ನೆ ಒಂದು ಸಲ ನೋಡುತ್ತಾರೆ. ಅಷ್ಟರಲ್ಲಿ ಒಬ್ಬರು ಮಗುವಿನ ಗಾಡಿ ತಳ್ಳಿಕೊಂಡು ಬರುತ್ತಾರೆ, ನಾಲ್ಕೂ ಸೂಟ್‌ಕೇಸ್ ಮತ್ತೆ ಕೆಳಗೆ. ಅದಕ್ಕೇ ಸೂಟ್‌ಕೇಸ್ ನಿಲ್ಲಿಸಬೇಡಿ, ಅಡ್ಡ ಮಲಗಿಸಿ. ಇಬ್ಬರಿದ್ದರೆ ಒಬ್ಬರು ಮೊದಲು ಹತ್ತಿ ಒಳಗೆ ನಿಲ್ಲಲಿ, ಇನ್ನೊಬ್ಬರು ಕೆಳಗಿಂದ ಎತ್ತಿ ಕೊಡಲಿ. ಬಸ್ ತುಂಬಿದ್ದರೆ ಜಗಳಕ್ಕೆ ನಿಲ್ಲದೆ ಮುಂದಿನದಕ್ಕೆ ಕಾಯಿರಿ.

ದುಡ್ಡು ಸ್ವಲ್ಪ ಹೋದರೂ ಪರವಾಗಿಲ್ಲ ಅನ್ನುವವರಿಗೆ ಲುಫ್ತಾನ್ಸಾ ಎಕ್ಸ್‌ಪ್ರೆಸ್ ಬಸ್ ಇದೆ. ಬೇರೆ ಏರ್‌ಲೈನ್ ಟಿಕೆಟ್ ಇದ್ದವರೂ ಹತ್ತಬಹುದು. ಹಾಪ್ಟ್‌ಬಾನ್‌ಹೋಫ್‌ನಿಂದ ಹೊರಟು, ಶ್ವಾಬಿಂಗ್‌ನ ನಾರ್ಡ್‌ಫ್ರೀಡ್‌ಹೋಫ್‌ನಲ್ಲಿ ನಿಂತು, ಸುಮಾರು 45 ನಿಮಿಷದಲ್ಲಿ ಏರ್‌ಪೋರ್ಟ್. ಸೂಟ್‌ಕೇಸು ಬಸ್ಸಿನ ಹೊಟ್ಟೆಯಲ್ಲಿ, ನೀವು ಸೀಟಿನಲ್ಲಿ. ಗಾರ್ಖಿಂಗ್‌ನಲ್ಲಿ ಓದುವ ಹುಡುಗರು ಊರೊಳಗೆ ಬರುವುದೇ ಬೇಡ, ಯು6ರಲ್ಲಿ ನಾರ್ಡ್‌ಫ್ರೀಡ್‌ಹೋಫ್‌ಗೆ ಬಂದು ಈ ಬಸ್ ಹಿಡಿದರಾಯಿತು. ಎರಡೆರಡು 23 ಕಿಲೋ ಪೆಟ್ಟಿಗೆ, ಜೊತೆಗೆ ಚಿಕ್ಕ ಮಕ್ಕಳು ಇದ್ದರೆ ನಾನಂತೂ ರಿಪೇರಿ ವಾರಾಂತ್ಯದಲ್ಲಿ ಈ ಬಸ್ಸನ್ನೇ ಹೇಳುತ್ತೇನೆ. ಬೆಳಗ್ಗೆ 6 ಗಂಟೆಯ ವಿಮಾನವಾದರೆ ಟ್ಯಾಕ್ಸಿ. ಅಷ್ಟು ಹೊತ್ತಿಗೆ ಯು-ಬಾನ್ ಇನ್ನೂ ಸರಿಯಾಗಿ ಶುರುವಾಗಿರುವುದಿಲ್ಲ, ಬಳಸು ದಾರಿ ಕೈ ಕೊಡುತ್ತದೆ.

ಟಿಕೆಟ್ ವಿಷಯ. ಏರ್‌ಪೋರ್ಟ್ ಇರುವುದು 5ನೇ ವಲಯದಲ್ಲಿ, ಊರೊಳಗಿನದು ಎಂ ವಲಯ. ಎಂನಿಂದ 5ರವರೆಗಿನ ಟಿಕೆಟ್ ಬೇಕು. ಅದೇ ಟಿಕೆಟ್ ಎಸ್-ಬಾನ್, ಯು-ಬಾನ್, ಬದಲಿ ಬಸ್ಸು ಎಲ್ಲದಕ್ಕೂ ನಡೆಯುತ್ತದೆ, ಬಳಸಿ ಹೋದಿರಿ ಅಂತ ಹೊಸದು ತೆಗೆಯಬೇಕಿಲ್ಲ. ಡಾಯ್ಚ್‌ಲಾಂಡ್‌ಟಿಕೆಟ್ (ಜರ್ಮನಿಯ ಎಲ್ಲ ಕಡೆ ಲೋಕಲ್ ರೈಲು, ಬಸ್ಸಿಗೆ ನಡೆಯುವ ತಿಂಗಳ ಪಾಸು) ಇದ್ದರೆ ಇದ್ಯಾವ ತಲೆನೋವೂ ಇಲ್ಲ. 2023ರಲ್ಲಿ 49 ಯೂರೋ ಇದ್ದದ್ದು 2026ರಿಂದ 63 ಆಗಿದೆ, ಆದರೂ ತಿಂಗಳಿಡೀ ಓಡಾಡುವವರಿಗೆ ಲಾಭವೇ. ರೀಜನಲ್ ರೈಲಿಗೂ 635 ಬಸ್ಸಿಗೂ ಅದು ನಡೆಯುತ್ತದೆ. ಲುಫ್ತಾನ್ಸಾ ಬಸ್ಸಿಗೆ ಮಾತ್ರ ನಡೆಯುವುದಿಲ್ಲ. ನೆನಪಿಡಿ, ಅದು ನಿಮ್ಮೊಬ್ಬರ ಹೆಸರಿನದು. ಅಪ್ಪ-ಅಮ್ಮನನ್ನು ಬಿಡಲು ಹೋಗುವಾಗ ಅವರಿಗೆ ಬೇರೆ ಟಿಕೆಟ್ ಬೇಕು. ಮೂರು ನಾಲ್ಕು ಜನ ಇದ್ದರೆ ಗ್ರೂಪ್ ಡೇ ಟಿಕೆಟ್ ಅಗ್ಗ, ಐದು ದೊಡ್ಡವರವರೆಗೆ ಆಗುತ್ತದೆ. ಕಾಗದದ ಟಿಕೆಟ್‌ನ ಮೇಲೆ ಹೊತ್ತು ಅಚ್ಚಾಗಿರದಿದ್ದರೆ ಪ್ಲಾಟ್‌ಫಾರ್ಮಿಗೆ ಇಳಿಯುವ ಮುಂಚೆ ಮೆಷಿನ್‌ಗೆ ತೂರಿಸಿ ಮುದ್ರೆ ಒತ್ತಿಸಿ. ಇಲ್ಲದಿದ್ದರೆ 60 ಯೂರೋ ದಂಡ. ‘ಹೊಸಬರು, ಗೊತ್ತಿರಲಿಲ್ಲ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಯಾವಾಗ ನೋಡಬೇಕು? ವಿಮಾನದ ಟಿಕೆಟ್ ತೆಗೆದಾಗ ಒಮ್ಮೆ, ಹೊರಡುವ ವಾರದ ಗುರುವಾರ ಒಮ್ಮೆ, ಮನೆ ಬೀಗ ಹಾಕುವ ಮುಂಚೆ ಒಮ್ಮೆ. ಊರಿನ ಸಾರಿಗೆಯ ಎಂವಿವಿ ಆ್ಯಪ್ ಇಲ್ಲವೇ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್ ನೋಡಿ. ಗೂಗಲ್ ಮ್ಯಾಪ್ಸ್ ರಿಪೇರಿ ದಿನವೂ ಇಲ್ಲದ ರೈಲನ್ನು ತೋರಿಸುವುದುಂಟು. ಬೌಆರ್ಬೈಟೆನ್ ಅಂತ ಕಂಡರೆ ಕೆಲಸ ನಡೆಯುತ್ತಿದೆ ಅಂತ. ಫೆಲ್ಟ್ ಔಸ್ ಅಂತ ಕಂಡರೆ ಆ ರೈಲು ಇಲ್ಲವೇ ಇಲ್ಲ, ಕಾಯಬೇಡಿ. ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ‘ಇವತ್ತು ಎಸ್8 ಇದೆಯಾ?’ ಅಂತ ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ, ಅದರಲ್ಲಿ ಒಂಬತ್ತು ಹೋದ ವಾರದ್ದು.

ಸಮಯಕ್ಕೆ ಒಂದು ಗಂಟೆ ಹೆಚ್ಚಿಗೆ ಸೇರಿಸಿ, ಬಸ್ಸಿನ ದಾರಿಯಾದರೆ ಒಂದೂವರೆ. ರೈಲು ತಡವಾಗಿ ವಿಮಾನ ತಪ್ಪಿದರೆ ಯಾರಾದರೂ ದುಡ್ಡು ಕೊಡುತ್ತಾರಾ ಅಂತ ಕೇಳುತ್ತಾರೆ. ಡಾಯ್ಚ್‌ಲಾಂಡ್‌ಟಿಕೆಟ್‌ನಲ್ಲಿ ಒಂದು ಗಂಟೆಗಿಂತ ಜಾಸ್ತಿ ತಡವಾದರೆ 1.50 ಯೂರೋ ಪರಿಹಾರ. ಅದೂ ಒಟ್ಟು 4 ಯೂರೋ ಆಗುವವರೆಗೆ ಕೈಗೆ ಬರುವುದಿಲ್ಲ. ಹಾಗಾಗಿ ಆ ಒಂದು ಗಂಟೆ ನಿಮ್ಮ ಕಡೆಯಿಂದಲೇ ಹೋಗಬೇಕು.

ಊರಿಂದ ಬರುವವರನ್ನು ಕರೆತರುವುದು ಇನ್ನೊಂದು ಲೆಕ್ಕ. 2023ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಲುಫ್ತಾನ್ಸಾ ನೇರ ವಿಮಾನ ಶುರುವಾದ ಮೇಲೆ ಅಪ್ಪ-ಅಮ್ಮ ಒಬ್ಬೊಬ್ಬರೇ ಬರುವುದು ಹೆಚ್ಚಾಗಿದೆ. ಮಾಮೂಲಿ ದಿನ ‘ಎಸ್8 ಹತ್ತಿ, ಇಂಥ ಕಡೆ ಇಳಿಯಿರಿ’ ಅಂದರೆ ಬಂದುಬಿಡುತ್ತಾರೆ. ರಿಪೇರಿ ದಿನ ಹಾಗೆ ಬಿಡಬೇಡಿ, ನೀವೇ ಹೋಗಿ. ಲುಫ್ತಾನ್ಸಾದಲ್ಲಿ ಬಂದರೆ ಟರ್ಮಿನಲ್ 2, ಎಮಿರೇಟ್ಸ್ ಅಥವಾ ಕತಾರ್ ಆದರೆ ಟರ್ಮಿನಲ್ 1. ಎಸ್-ಬಾನ್ ಸ್ಟೇಷನ್ ಎರಡರ ನಡುವೆ, ನೆಲದಡಿ ಇದೆ. ವಾಪಸ್ ಬರುವಾಗ ಎಸ್8ರಲ್ಲಿ ಓಸ್ಟ್‌ಬಾನ್‌ಹೋಫ್‌ವರೆಗೆ ಬಂದು ಯು5 ಹಿಡಿಯಿರಿ. ರಾತ್ರಿಯಿಡೀ ಕೂತು ಬಂದವರನ್ನು ಹಪ್ಪಳ, ಸಾರಿನ ಪುಡಿ ತುಂಬಿದ ಪೆಟ್ಟಿಗೆಯ ಜೊತೆ ಬದಲಿ ಬಸ್ಸಿನ ಸಾಲಿನಲ್ಲಿ ನಿಲ್ಲಿಸುವ ಬದಲು, ಆ ದಿನದ ಮಟ್ಟಿಗೆ ಕಾರಿರುವ ಸ್ನೇಹಿತರನ್ನು ಕೇಳಿದರೂ ತಪ್ಪಿಲ್ಲ. ಪೆಟ್ರೋಲ್ ದುಡ್ಡು ಬೇಡ ಅಂತಾರೆ. ಒಂದು ಪೊಟ್ಟಣ ಸಾರಿನ ಪುಡಿ ಕೊಟ್ಟು ಕಳಿಸಿ.