ಫ್ರಾಸ್ಟ್‌ಮೋರ್ನ್ ಶಾಪದ ವಿಚಾರಣೆ: ನಾನು ಥಿಯರಿ ಕಟ್ಟುವ ಬಗೆ

ವಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟ ಆಡಿದವರನ್ನು ಅದರಲ್ಲಿ ಬರುವ ಫ್ರಾಸ್ಟ್‌ಮೋರ್ನ್ ಕತ್ತಿಯ ಬಗ್ಗೆ ಕೇಳಿ ನೋಡಿ. ಹಿಡಿದವನ ಆತ್ಮವನ್ನೇ ಅದು ಮೊದಲು ನುಂಗುತ್ತದೆ ಎಂದು ಥಟ್ಟನೆ ಹೇಳುತ್ತಾರೆ. ಹಾಗೆಂದು ಆಟದಲ್ಲಿ ಹೇಳಿದವರು ಯಾರು ಎಂದು ಮರುಪ್ರಶ್ನೆ ಹಾಕಿದರೆ ಅರ್ಧಕ್ಕರ್ಧ ಮಂದಿ ತಡವರಿಸುತ್ತಾರೆ. ಹೇಳಿದವನು ಟಿಕಾಂಡ್ರಿಯಸ್. ಡ್ರೆಡ್‌ಲಾರ್ಡ್ ಎಂಬ ರಾಕ್ಷಸ ಕುಲದವನು, ವೇಷ ಮರೆಸಿಕೊಂಡು ಮೋಸ ಮಾಡುವುದೇ ಆ ಕುಲದ ಕಸುಬು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾವೆಲ್ಲ ಒಬ್ಬ ವೃತ್ತಿಪರ ಸುಳ್ಳುಗಾರನ ಮಾತನ್ನು ಪ್ರಮಾಣವೆಂದು ಇಟ್ಟುಕೊಂಡಿದ್ದೇವೆ. ನನ್ನ ಥಿಯರಿ ಕಟ್ಟುವ ಹುಚ್ಚು ಶುರುವಾದದ್ದೇ ಈ ಅನುಮಾನದಿಂದ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಬ್ಲಿಝಾರ್ಡ್ ಕಂಪನಿಯ ವಾರ್‌ಕ್ರಾಫ್ಟ್ 3 ಬಂದದ್ದು 2002ರಲ್ಲಿ. ನಮ್ಮ ಸೈಬರ್ ಕೆಫೆಗಳಲ್ಲಿ ಅದನ್ನು ಹಾಕುತ್ತಿದ್ದದ್ದು ಹೆಚ್ಚಾಗಿ ಅದರ ಮೇಲೆ ಅಭಿಮಾನಿಗಳು ಕಟ್ಟಿದ ಡೋಟಾ ಎಂಬ ಆಟ ಆಡಲಿಕ್ಕೆ; ಒಳಗೊಂದು ಕಥೆ ಇದೆ ಎಂಬುದನ್ನು ಗಮನಿಸಿದವರು ಕಡಿಮೆ. ಲಾರ್ಡರಾನ್ ರಾಜ್ಯದ ಯುವರಾಜ ಅರ್ಥಾಸ್ ತನ್ನ ಜನರನ್ನು ಶವಗಳ ಸೇನೆಯಾಗಿ ಮಾರ್ಪಡಿಸುತ್ತಿರುವ ಪಿಡುಗಿನ ಬೆನ್ನು ಹತ್ತಿ ಉತ್ತರದ ಹಿಮನಾಡಿಗೆ ಹೋಗುತ್ತಾನೆ. ಅಲ್ಲಿ ಮಂಜುಗಡ್ಡೆಯೊಳಗೆ ಹುದುಗಿದ ಕತ್ತಿಯನ್ನು ತೆಗೆದುಕೊಳ್ಳುತ್ತಾನೆ. ಊರಿಗೆ ಮರಳಿ ಸಿಂಹಾಸನದ ಮೇಲಿದ್ದ ತಂದೆ ಟೆರೆನಾಸ್‌ನನ್ನು ಅದೇ ಕತ್ತಿಯಿಂದ ಕೊಲ್ಲುತ್ತಾನೆ. ಶವಸೇನೆಯ ಒಡೆಯನಿಗೆ ಲಿಚ್ ಕಿಂಗ್ ಎಂದು ಹೆಸರು; ಆಗ ಆ ಜಾಗದಲ್ಲಿ ಬೇರೊಬ್ಬನಿದ್ದ, ಮುಂದೆ ಅರ್ಥಾಸ್‌ನೇ ಲಿಚ್ ಕಿಂಗ್ ಆಗುತ್ತಾನೆ.

ನಾನು ಮೊದಲು ಮಾಡಿದ ಕೆಲಸವೆಂದರೆ ನೆನಪನ್ನು ನಂಬುವುದನ್ನು ಬಿಟ್ಟದ್ದು. ವಾರ್‌ಕ್ರಾಫ್ಟ್ 3ರ ಪ್ರತಿ ಮ್ಯಾಪ್‌ನ ಒಳಗೂ ಹೆಸರಿನ ಕೊನೆಯಲ್ಲಿ ಡಬ್ಲ್ಯುಟಿಎಸ್ ಎಂದಿರುವ ಒಂದು ಪಠ್ಯಕಡತ ಇರುತ್ತದೆ. ಅದನ್ನು ಹೊರತೆಗೆದು ನೋಟ್‌ಪ್ಯಾಡ್‌ನಲ್ಲಿ ತೆರೆದರೆ, ಸ್ಟ್ರಿಂಗ್ ಎಂಬ ಪದ, ಒಂದು ಸಂಖ್ಯೆ, ಕೆಳಗೆ ಪುಷ್ಪಾವರಣದೊಳಗೆ ಒಂದು ಸಂಭಾಷಣೆ, ಹೀಗೆ ಸಾಲುಸಾಲಾಗಿ ಬರುತ್ತದೆ. ಸಂಗೀತವಿಲ್ಲ, ಹಿಮ ಬೀಳುವುದಿಲ್ಲ, ನಟರ ಗಡಸು ದನಿಯಿಲ್ಲ. ಕಣ್ಣೆದುರು ಬರೀ ಮಾತು. ಮಾತಿನ ತೂಕ ಗೊತ್ತಾಗುವುದು ಆಗಲೇ. ಥಿಯರಿ ಕಟ್ಟುವ ಆಸೆ ಇರುವ ಕಿರಿಯರಿಗೆ ನಾನು ಮೊದಲು ಹೇಳುವುದೂ ಇದನ್ನೇ: ದೃಶ್ಯವನ್ನು ಆಮೇಲೆ ನೋಡಿ, ಮಾತನ್ನು ಮೊದಲು ಓದಿ.

ಹಾಗೆ ಓದಿದಾಗ ಗುಹೆಯ ದೃಶ್ಯ ಬೇರೆಯದೇ ಆಗಿ ಕಂಡಿತು. ಪೀಠದ ಮೇಲಿನ ಬರಹವನ್ನು ಓದುವವನು ಅರ್ಥಾಸ್‌ನ ಜೊತೆಗಿದ್ದ ಕುಳ್ಳರ ಕುಲದ ವೀರ ಮುರಾಡಿನ್. ಈ ಅಲಗನ್ನು ಹಿಡಿದವನಿಗೆ ಅಕ್ಷಯವಾದ ಬಲ ಸಿಗುತ್ತದೆ, ಅಲಗು ಮಾಂಸವನ್ನು ಸೀಳುವಂತೆ ಆ ಬಲ ಚೇತನಕ್ಕೆ ಗಾಯ ಮಾಡುತ್ತದೆ, ಎಂಬುದು ಆ ಬರಹದ ತಾತ್ಪರ್ಯ. ನುಂಗುತ್ತದೆ ಎಂದಿಲ್ಲ, ಕಸಿಯುತ್ತದೆ ಎಂದೂ ಇಲ್ಲ. ಗಾಯ, ಅಷ್ಟೇ. ಇದು ಶಾಪಗ್ರಸ್ತ ಕತ್ತಿ, ಬಿಟ್ಟುಬಿಡು ಎಂದು ಮುರಾಡಿನ್ ಎಚ್ಚರಿಸುತ್ತಾನೆ. ನನ್ನ ನಾಡನ್ನು ಉಳಿಸಲು ಯಾವ ಶಾಪವನ್ನಾದರೂ ಸಂತೋಷದಿಂದ ಹೊರುತ್ತೇನೆ ಎನ್ನುತ್ತಾನೆ ಅರ್ಥಾಸ್. ಮಂಜುಗಡ್ಡೆ ಸಿಡಿಯುತ್ತದೆ, ಒಂದು ಚೂರು ಬಡಿದು ಮುರಾಡಿನ್ ಬೀಳುತ್ತಾನೆ. ಅವನು ಸತ್ತನೆಂದೇ ಎಲ್ಲರೂ ತಿಳಿದಿದ್ದರು. ಇದೇ ಕಥೆಯನ್ನು ಮುಂದುವರಿಸಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟಕ್ಕೆ 2008ರಲ್ಲಿ ಬಂದ ವಿಸ್ತರಣೆಯಲ್ಲಿ, ಅಂದರೆ ಹೊಸ ಕಥಾಭಾಗದಲ್ಲಿ, ನೋಡಿದರೆ ನೆನಪು ಕಳೆದುಕೊಂಡು ಬೇರೆ ಹೆಸರಿನಲ್ಲಿ ಹಿಮನಾಡಿನ ಕುಳ್ಳರಿಗೆ ರಾಜನಾಗಿ ಕೂತಿದ್ದ! ಪರದೆಯ ಮೇಲೆ ಶವವನ್ನು ಸ್ಪಷ್ಟವಾಗಿ ತೋರಿಸದ ಯಾರನ್ನೂ ಸತ್ತವರ ಪಟ್ಟಿಗೆ ಸೇರಿಸಬಾರದೆಂಬ ಪಾಠ ಈ ಆಟದ ಅಭಿಮಾನಿಗಳಿಗೆ ಬಾಯಿಪಾಠ.

ಮುಂದಿನ ಸಾಕ್ಷಿ ಟಿಕಾಂಡ್ರಿಯಸ್. ತಂದೆಯನ್ನು ಕೊಂದ ಮೇಲೆ ಅರ್ಥಾಸ್ ಅವನಿಗೆ ಹೇಳುತ್ತಾನೆ: ನಾನು ಪ್ರೀತಿಸಿದ್ದನ್ನೆಲ್ಲ ಹಾಳು ಮಾಡಿದೆ, ಆದರೂ ಪಶ್ಚಾತ್ತಾಪವಿಲ್ಲ, ನಾಚಿಕೆಯಿಲ್ಲ, ಕನಿಕರವಿಲ್ಲ. ಅದಕ್ಕೆ ಟಿಕಾಂಡ್ರಿಯಸ್‌ನ ಉತ್ತರದಲ್ಲಿ ಎರಡು ಭಾಗಗಳಿವೆ. ನೀನು ಹಿಡಿದಿರುವ ಕತ್ತಿಯನ್ನು ಆತ್ಮಗಳನ್ನು ಕದಿಯಲೆಂದು ಲಿಚ್ ಕಿಂಗ್ ರೂಪಿಸಿದ ಎಂಬುದು ಒಂದು. ಅದು ಕದ್ದ ಮೊದಲ ಆತ್ಮ ನಿನ್ನದು ಎಂಬುದು ಇನ್ನೊಂದು. ಅರ್ಥಾಸ್ ಹುಬ್ಬು ಕೂಡ ಹಾರಿಸುವುದಿಲ್ಲ. ಹಾಗಾದರೆ ಆತ್ಮವಿಲ್ಲದೆಯೇ ನಡೆಸಿಕೊಳ್ಳುತ್ತೇನೆ, ಲಿಚ್ ಕಿಂಗ್‌ನ ಅಪ್ಪಣೆ ಏನು, ಎಂದು ಮುಂದಕ್ಕೆ ಹೋಗುತ್ತಾನೆ.

ಆ ಉತ್ತರದಲ್ಲಿ ನನಗೆ ನೆಮ್ಮದಿ ಕೇಳಿಸಿತು. ನನ್ನ ಹೃದಯ ಏಕೆ ಕಲ್ಲಾಯಿತು ಎಂದು ಕೇಳಿದವನಿಗೆ, ತಪ್ಪು ನಿನ್ನದಲ್ಲ, ಕತ್ತಿಯದು ಎಂಬ ಸಬೂಬು ಪುಕ್ಕಟೆಯಾಗಿ ಸಿಕ್ಕಿತು. ನನ್ನ ಮೊದಲ ಥಿಯರಿ ಇದೇ: ಫ್ರಾಸ್ಟ್‌ಮೋರ್ನ್ ಅರ್ಥಾಸ್‌ನಿಂದ ತೆಗೆದುಕೊಂಡದ್ದು ಕಡಿಮೆ, ಅವನಿಗೆ ಕೊಟ್ಟದ್ದೇ ಹೆಚ್ಚು.

ಇದಕ್ಕೆ ಆಧಾರ ಕತ್ತಿ ಸಿಗುವುದಕ್ಕೆ ಮುಂಚಿನ ಹಂತಗಳಲ್ಲಿಯೇ ಇದೆ. ಪಿಡುಗು ತಗುಲಿದ ಸ್ಟ್ರಾಥೋಮ್ ಪಟ್ಟಣದ ಜನರನ್ನು, ಅವರು ಶವಗಳಾಗಿ ಏಳುವ ಮೊದಲೇ, ಅರ್ಥಾಸ್ ಕಡಿದು ಹಾಕಿದ್ದು ತನ್ನ ಹಳೆಯ ಸುತ್ತಿಗೆಯಿಂದ. ಅದನ್ನಾದರೂ ಧರ್ಮಸಂಕಟ ಎನ್ನಬಹುದು. ಹಡಗುಗಳ ವಿಷಯಕ್ಕೆ ಏನೆನ್ನುತ್ತೀರಿ? ಸೇನೆ ಹಿಂದಿರುಗಬೇಕೆಂದು ರಾಜಾಜ್ಞೆ ಬಂದಾಗ ಅರ್ಥಾಸ್ ಕೂಲಿ ಸೈನಿಕರನ್ನು ಹಿಡಿದು ತನ್ನದೇ ಹಡಗುಗಳನ್ನು ಸುಡಿಸುತ್ತಾನೆ. ಆಮೇಲೆ ತನ್ನ ಸೈನಿಕರ ಎದುರು ಆ ಕೂಲಿಗಳ ಕಡೆಗೇ ಬೆರಳು ತೋರಿಸಿ, ಇವರೇ ಸುಟ್ಟರು, ಕೊಲ್ಲಿ ಎನ್ನುತ್ತಾನೆ. ಆ ಹೊತ್ತಿಗೆ ಕತ್ತಿ ಇನ್ನೂ ಮಂಜುಗಡ್ಡೆಯೊಳಗೇ ಇತ್ತು. ಇಷ್ಟು ಸಲೀಸಾಗಿ ಸುಳ್ಳು ಹೇಳುವವನ ಆತ್ಮವನ್ನು ಕದಿಯಲು ಮಾಯಾ ಆಯುಧ ಯಾಕೆ ಬೇಕು?

ಎದುರುವಾದವೂ ಬಲವಾಗಿಯೇ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2008ರ ವಿಸ್ತರಣೆಯಲ್ಲಿ ಮಥಾಯಸ್ ಲೆನರ್ ಎಂಬ ಹುಡುಗನ ಪ್ರೇತ ನಮಗೆ ದಾರಿ ತೋರಿಸುತ್ತದೆ. ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಜೋಡಿಸಿದರೆ ಅರ್ಥಾಸ್ ಮೆನೆಥಿಲ್ ಎಂಬ ಪೂರ್ಣ ಹೆಸರು ಒಂದಕ್ಷರವೂ ಮಿಗದಂತೆ ಬರುತ್ತದೆ. ಅಂದರೆ ಅವನೊಳಗಿನ ಹುಡುಗ ಎಲ್ಲೋ ಉಳಿದಿದ್ದ. ಶ್ಯಾಡೋಮೋರ್ನ್ ಕೊಡಲಿಯನ್ನು ಕಷ್ಟಪಟ್ಟು ಸಂಪಾದಿಸಿ ಲಿಚ್ ಕಿಂಗ್‌ನನ್ನು ಸೋಲಿಸಿದವರಿಗೆ ಸಿಗುವ ಪೆಟ್ಟಿಗೆಯಲ್ಲಿ ಜೈನಾಳ ಲಾಕೆಟ್ ಇರುತ್ತದೆ. ಹಿಂದೊಮ್ಮೆ ಪ್ರೀತಿಸಿದವಳ ಆಭರಣವನ್ನು ಅವನು ಕೊನೆಯವರೆಗೂ ಇಟ್ಟುಕೊಂಡಿದ್ದ. ಆತ್ಮವೇ ಇಲ್ಲದವನಿಗೆ ಲಾಕೆಟ್ ಯಾಕೆ? ನನ್ನ ಗೆಳೆಯನೊಬ್ಬ ಈ ಲಾಕೆಟ್ಟನ್ನೇ ಹಿಡಿದು ಕತ್ತಿಯೇ ಖಳ, ಅರ್ಥಾಸ್ ಬಲಿಪಶು ಎಂದು ವಾದಿಸುತ್ತಾನೆ. ನಾನು ಅದೇ ಲಾಕೆಟ್ಟನ್ನು ಹಿಡಿದು, ಆತ್ಮ ಉಳಿದಿದ್ದರೆ ಹೊಣೆಯೂ ಉಳಿದಿತ್ತು ಎನ್ನುತ್ತೇನೆ. ಒಂದೇ ಸಾಕ್ಷ್ಯವನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳಬಹುದಾದರೆ ಆ ಸಾಕ್ಷ್ಯ ಯಾರ ಪಾಲಿಗೂ ಅಲ್ಲ ಎಂಬುದು ನನ್ನ ನಿಯಮ. ಲಾಕೆಟ್ಟನ್ನು ಬದಿಗಿಟ್ಟೆ. ಗೆಳೆಯ ಇಟ್ಟಿಲ್ಲ.

ಇಂಥ ಜಗಳಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಿಗೆ ಬಂದದ್ದು ಇಸವಿ ಬರೆದಿಡುವ ಅಭ್ಯಾಸ. ಜಮೀನಿನ ತಕರಾರಿನಲ್ಲಿ ಯಾವ ವರ್ಷದ ಪಹಣಿಯಲ್ಲಿ ಯಾರ ಹೆಸರಿತ್ತು ಎಂದು ನೋಡುವಂತೆ, ಆಟದ ಪ್ರತಿ ಮಾತಿನ ಎದುರೂ ಅದು ಯಾವ ವರ್ಷದ್ದು ಎಂದು ಗುರುತು ಹಾಕುತ್ತೇನೆ. ಏಕೆಂದರೆ ಕಥೆಗಾರರು ಹಿಂದಿನದನ್ನು ತಿದ್ದುತ್ತಲೇ ಇರುತ್ತಾರೆ. 2002ರಲ್ಲಿ ಕತ್ತಿಯನ್ನು ಮಾಡಿದವನು ಲಿಚ್ ಕಿಂಗ್. 2020ರ ಶ್ಯಾಡೋಲ್ಯಾಂಡ್ಸ್ ವಿಸ್ತರಣೆಯ ಹೊತ್ತಿಗೆ ಮಾಡಿದವನೇ ಬದಲಾದ. ಸತ್ತವರ ಲೋಕದ ಟೋರ್‌ಗಾಸ್ಟ್ ಗೋಪುರದಲ್ಲಿ ಸಂಕೋಲೆ ಬಿಗಿದ, ತಾನು ಯಾರೆಂಬುದನ್ನೇ ಮರೆತ ರೂನ್‌ಕಾರ್ವರ್ ಎಂಬ ಕಮ್ಮಾರ ಸಿಗುತ್ತಾನೆ. ಲಿಚ್ ಕಿಂಗ್‌ನ ಕಿರೀಟವನ್ನೂ ಫ್ರಾಸ್ಟ್‌ಮೋರ್ನ್‌ಅನ್ನೂ ಮಾಡಿದವನು ಅವನು; ಮಾಡಿಸಿದವನು ಜೈಲರ್ ಎಂಬ ಬಂದಿಖಾನೆಯ ಒಡೆಯ. 2021ರಲ್ಲಿ ಆ ಕಮ್ಮಾರ ಪ್ರೈಮಸ್ ಎಂದು ತಿಳಿಯಿತು. ಅಂದರೆ ಮಾಲ್ಡ್ರಾಕ್ಸಸ್ ಎಂಬ ಪ್ರಾಂತ್ಯಕ್ಕೇ ಅಧಿಪತಿಯಾಗಿದ್ದವನು ಕೈದಿಯಾಗಿ ಸುತ್ತಿಗೆ ಬೀಸುತ್ತಿದ್ದ.

ಅಲ್ಲಿಗೆ ಟಿಕಾಂಡ್ರಿಯಸ್‌ನ ಎರಡು ಮಾತುಗಳಲ್ಲಿ ಮೊದಲನೆಯದು ಬಿದ್ದುಹೋಯಿತು. ಅದೇ ವಿಸ್ತರಣೆಯ ಕ್ಯಾಸಲ್ ನಾಥ್ರಿಯಾ ಎಂಬ ಕೋಟೆಯಲ್ಲಿ ಸಿಕ್ಕ ಒಂದು ಪುಟ್ಟ ಪುಸ್ತಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡ್ರೆಡ್‌ಲಾರ್ಡ್‌ಗಳು ಯಾರ ಪಕ್ಷದಲ್ಲಿದ್ದರೂ ಅಲ್ಲಿ ಗೂಢಚಾರರೇ, ಅವರ ನಿಜವಾದ ಒಡೆಯ ಆ ಕೋಟೆಯ ದೊರೆ ಡೆನಾಥ್ರಿಯಸ್ ಎಂಬುದು ಅದರಿಂದ ಹೊರಬಿತ್ತು. ಅದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಿದ್ದು ಅಷ್ಟಕ್ಕಷ್ಟೇ. ಒಂದು ಭಾಗ ಸುಳ್ಳೆಂದು ಸಿಕ್ಕಿಬಿದ್ದ ಸಾಕ್ಷಿಯ ಇನ್ನೊಂದು ಭಾಗವನ್ನು ಯಾವ ನ್ಯಾಯಾಧೀಶರು ಕಣ್ಣುಮುಚ್ಚಿ ಒಪ್ಪುತ್ತಾರೆ?

ಹಾಗೆಂದು ಶ್ಯಾಡೋಲ್ಯಾಂಡ್ಸ್ ನನಗೆ ಹಿಡಿಸಿತೆಂದಲ್ಲ. ಹಿಂದಿನದೆಲ್ಲವೂ ಜೈಲರ್‌ನ ಸಂಚು ಎಂದುಬಿಟ್ಟರೆ ಯುವರಾಜನೊಬ್ಬ ಕಣ್ಣು ತೆರೆದುಕೊಂಡೇ ಕೆಡುವ ಕಥೆ ಯಂತ್ರದ ಕಥೆಯಾಗುತ್ತದೆ. 2022ರಲ್ಲಿ ಅರ್ಥಾಸ್‌ನ ಆತ್ಮದ ಕೊನೆಯ ಚೂರು ಒಂದು ಮಿಣುಕು ಬೆಳಕಾಗಿ ಬಂದು ಆರಿಹೋಯಿತು; ಇಷ್ಟು ವರ್ಷ ಕಾದವರಿಗೆ ಅದು ಏನೇನೂ ಸಾಲಲಿಲ್ಲ. ನನ್ನ ಸಿಟ್ಟು ಈಗಲೂ ಇಳಿದಿಲ್ಲ. ಆದರೆ ಕೈಗೆ ಸಿಕ್ಕ ಹೊಸ ಸಾಕ್ಷ್ಯವನ್ನು ಸಿಟ್ಟಿಗಾಗಿ ಎಸೆಯುವವನು ಥಿಯರಿ ಕಟ್ಟಬಾರದು.

ಪುರಾಣ ಕೇಳಿ ಬೆಳೆದ ನಮಗೆ ಶಾಪ ಎಂದ ಕೂಡಲೇ ಕೆಲವು ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಶಪಿಸಿದವರು ಯಾರು, ಯಾವ ಸಿಟ್ಟಿಗೆ, ವಿಮೋಚನೆ ಹೇಗೆ? ಕರ್ಣನಿಗೆ ತಟ್ಟಿದ ಶಾಪಗಳಿಗೆಲ್ಲ ಶಪಿಸಿದ ಬಾಯಿ ಇದೆ, ಕಾರಣವಿದೆ. ಫ್ರಾಸ್ಟ್‌ಮೋರ್ನ್ ವಿಷಯದಲ್ಲಿ ಶಾಪದ ಮಾತು ಮಾತ್ರ ಇತ್ತು, ಶಪಿಸಿದವರು ಯಾರೂ ಇರಲಿಲ್ಲ. ಪ್ರೈಮಸ್ ಸಿಕ್ಕಿದ ಮೇಲೆ ಆ ಖಾಲಿ ಜಾಗ ತುಂಬಬಹುದು ಎನಿಸಿತು. ಉತ್ತರ ಯುರೋಪಿನ ಹಳೆಯ ಕಥನಗಳಲ್ಲಿ ಟಿರ್ಫಿಂಗ್ ಎಂಬ ಕತ್ತಿ ಬರುತ್ತದೆ. ರಾಜನೊಬ್ಬ ಕುಳ್ಳ ಕಮ್ಮಾರರನ್ನು ಹಿಡಿದು ಬಲವಂತವಾಗಿ ಮಾಡಿಸಿದ್ದು. ಅವರು ಮಾಡಿಕೊಟ್ಟರು, ಜೊತೆಗೆ ಶಾಪವನ್ನೂ ಕೊಟ್ಟರು: ಒರೆಯಿಂದ ಹಿರಿದಾಗಲೆಲ್ಲ ಅದು ಒಂದು ಜೀವ ತೆಗೆಯಲೇಬೇಕು. ಬಲವಂತದ ಕಮ್ಮಾರ ಸುಮ್ಮನೆ ಕೈಕಟ್ಟಿ ಕೂರುವುದಿಲ್ಲ.

ನನ್ನ ಈಗಿನ ಥಿಯರಿ ಹುಟ್ಟಿದ್ದು ಅಲ್ಲಿಂದ. ಪ್ರೈಮಸ್ ಆ ಅಲಗಿನೊಳಗೆ ಬೇಕೆಂದೇ ಒಂದು ಸಂದು ಬಿಟ್ಟಿದ್ದ. ಜೈಲರ್‌ಗೆ ಬೇಕಾದದ್ದು ಆತ್ಮಗಳನ್ನು ಅಡಗಿಸಿ ಆಳುವ ಆಯುಧ. ಫ್ರಾಸ್ಟ್‌ಮೋರ್ನ್ ಒಳಗಿನ ಆತ್ಮಗಳು ಅಡಗಿದವೇ? 2009ರ ಡಿಸೆಂಬರ್‌ನಲ್ಲಿ ಬಂದ ಪ್ಯಾಚ್‌ನ, ಅಂದರೆ ಆಟಕ್ಕೆ ಸೇರಿಸಿದ ಹೊಸ ಕಂತಿನ, ಒಂದು ಡಂಜನ್‌ನಲ್ಲಿ (ಐವರು ಸೇರಿ ಆಡುವ ಹಂತ) ಕತ್ತಿಯೊಳಗಿನಿಂದಲೇ ಉಥರ್, ಅರ್ಥಾಸ್ ಕೊಂದ ಅವನದೇ ಗುರು, ಹೊರಬಂದು, ಲಿಚ್ ಕಿಂಗ್‌ನನ್ನು ಎಲ್ಲಿ ಸೋಲಿಸಬೇಕು, ಅವನ ಜಾಗ ಯಾಕೆ ಖಾಲಿ ಬಿಡಬಾರದು ಎಂಬ ಗುಟ್ಟನ್ನೆಲ್ಲ ಹೇಳಿಬಿಡುತ್ತಾನೆ. ಅದೇ ಪ್ಯಾಚ್‌ನ ರೇಡ್‌ನ, ಅಂದರೆ ದೊಡ್ಡ ಗುಂಪು ಸೇರಿ ಆಡುವ ಹಂತದ, ಕೊನೆಯ ಕಾಳಗದಲ್ಲಿ ಲಿಚ್ ಕಿಂಗ್ ನಮ್ಮಲ್ಲೊಬ್ಬರನ್ನು ಕತ್ತಿಯೊಳಕ್ಕೆ ಎಳೆದುಕೊಳ್ಳುತ್ತಾನೆ. ನಾನು ಒಳಗೆ ಹೋದಾಗ ಕಂಡದ್ದು ಸೆರೆಯಲ್ಲಿ ಕೊರಗುವ ಮುದುಕನಲ್ಲ. ಟೆರೆನಾಸ್ ಅಲ್ಲಿಯ ಕಾವಲುಗಾರ ಪ್ರೇತದೊಂದಿಗೆ ಕಾದಾಡುತ್ತಿದ್ದ. ಅವನಿಗೆ ಚೇತರಿಕೆ ಕೊಟ್ಟು ನಿಲ್ಲಿಸಿದರೆ ನಾವೂ ಪಾರು. ಕಡೆಗೆ ನಮ್ಮ ಪಕ್ಷದ ವೀರ ಟಿರಿಯನ್ ಫೋರ್ಡ್ರಿಂಗ್ ಆಶ್‌ಬ್ರಿಂಗರ್ ಎಂಬ ತನ್ನ ಕತ್ತಿಯಿಂದ ಹೊಡೆದು ಫ್ರಾಸ್ಟ್‌ಮೋರ್ನ್‌ಅನ್ನು ಪುಡಿಮಾಡಿದಾಗ, ಹೊರಬಂದ ಆತ್ಮಗಳೇ ಒಡೆಯನನ್ನು ಮುತ್ತಿಕೊಂಡವು, ಸತ್ತುಬಿದ್ದಿದ್ದ ನಮ್ಮನ್ನೆಲ್ಲ ಟೆರೆನಾಸ್ ಎಬ್ಬಿಸಿದ. ತಾನು ಕೂಡಿಹಾಕಿದ ಕೈದಿಗಳಿಂದಲೇ ಸೋಲುವ ಸೆರೆಮನೆಯನ್ನು ಯಾವ ನಿಪುಣ ಕಮ್ಮಾರನೂ ಅಪ್ಪಿತಪ್ಪಿ ಕಟ್ಟುವುದಿಲ್ಲ.

ಈ ಥಿಯರಿಯನ್ನು ನಾನು ಮೊದಲು ಒಪ್ಪಿಸಿದ್ದು ಲಾಕೆಟ್ಟಿನ ಗೆಳೆಯನಿಗೇ. ಒಪ್ಪುವವರ ಮುಂದೆ ಥಿಯರಿ ಇಟ್ಟರೆ ಚಪ್ಪಾಳೆ ಸಿಗುತ್ತದೆ, ತೂತು ಕಾಣುವುದಿಲ್ಲ. ಅವನು ಕ್ಷಣವೂ ತಡಮಾಡಲಿಲ್ಲ. “ಪ್ರೈಮಸ್ ಬಾಯಿಂದ ಬಂದ ಒಂದು ಸಾಲು ತೋರಿಸು” ಎಂದ. ಸಾಲು ಇಲ್ಲ. ಸಂದು ಇದೆ ಎನ್ನಲು ಆಧಾರವಿದೆ, ಬೇಕೆಂದೇ ಬಿಟ್ಟದ್ದು ಎನ್ನಲು ಇಲ್ಲ. ಹಾಗಾಗಿ ಟಿಪ್ಪಣಿ ಪುಸ್ತಕದಲ್ಲಿ ಆ ಥಿಯರಿಯ ತಲೆಯ ಮೇಲೆ ಇನ್ನೂ ಪ್ರಶ್ನಾರ್ಥಕ ಚಿಹ್ನೆಯೇ ಇದೆ.

ಅದಕ್ಕಿಂತ ಗಟ್ಟಿಯಾದ ಎಳೆ ಶ್ಯಾಡೋಲ್ಯಾಂಡ್ಸ್‌ಗೆಂದು ಬ್ಲಿಝಾರ್ಡ್ 2020ರಲ್ಲಿ ಬಿಟ್ಟ ಕಿರುಚಿತ್ರದಲ್ಲಿ ಸಿಕ್ಕಿತು. ಫ್ರಾಸ್ಟ್‌ಮೋರ್ನ್‌ನಿಂದ ಸತ್ತ ಉಥರ್‌ನ ಆತ್ಮ ಬ್ಯಾಸ್ಟಿಯನ್ ಎಂಬ ಪುಣ್ಯಲೋಕಕ್ಕೂ ತಲುಪಿತ್ತು, ಎದೆಯ ಮೇಲೆ ಮಾಯದ ಗಾಯದೊಂದಿಗೆ. ಒಂದು ಪಾಲು ಕತ್ತಿಯೊಳಗೆ, ಇನ್ನೊಂದು ಪರಲೋಕದಲ್ಲಿ. ಅರ್ಥಾಸ್ ಅದೇ ಕತ್ತಿಯಿಂದ ಕೊಂದ ಎಲ್ಫ್ ಕುಲದ ಸೇನಾನಿ ಸಿಲ್ವಾನಾಸ್‌ಗೂ ಆದದ್ದು ಅದೇ. ಅಂದರೆ ಈ ಕತ್ತಿ ನುಂಗುವುದಿಲ್ಲ, ಸೀಳುತ್ತದೆ. 2002ರಲ್ಲಿ ಮುರಾಡಿನ್ ಓದಿದ ಬರಹವೂ ಗಾಯದ ಮಾತನ್ನೇ ಆಡಿತ್ತು. ಹಾಗಿದ್ದರೆ ಟೆರೆನಾಸ್‌ನ ಒಂದು ಪಾಲು ಕತ್ತಿಯೊಳಗೆ ಕಾದಾಡುತ್ತಿದ್ದಾಗ ಇನ್ನೊಂದು ಪಾಲು ಯಾವ ಲೋಕದಲ್ಲಿತ್ತು? ಪಾಪ ತೊಳೆಯುವ ಲೋಕವಾದ ರೆವೆಂಡ್ರೆತ್ ಎಂದು ಗೆಳೆಯನ ಪಂಥ, ಬ್ಯಾಸ್ಟಿಯನ್ ಎಂದು ನನ್ನದು. ಎರಡೂ ಪ್ರಾಂತ್ಯಗಳ ಕ್ವೆಸ್ಟ್‌ಗಳ, ಅಂದರೆ ಆಟದೊಳಗೆ ಒಪ್ಪಿಸುವ ಕೆಲಸಗಳ, ಮಾತುಗಳನ್ನು ಹಂಚಿಕೊಂಡು ಓದುತ್ತಿದ್ದೇವೆ. ಅವನ ಪಾಲಿನದು ಅರ್ಧಕ್ಕೆ ನಿಂತಿದೆ, ಕೇಳಿದರೆ ಆಫೀಸಿನ ಕೆಲಸ ಎನ್ನುತ್ತಾನೆ.