ಹನ್ನೆರಡು ನೇರಳೆ ಮರಗಳ ಹಣ್ಣನ್ನು ಅಳೆದ ಬಗೆ

ಸಸಿ ಮಾಡಲೆಂದು ನೇರಳೆ ಬೀಜ ಆಯುತ್ತಿದ್ದ ನನಗೆ, ಒಂದೇ ಗುಡ್ಡದ ಮರಗಳ ಹಣ್ಣುಗಳು ಇಷ್ಟೊಂದು ಬೇರೆಬೇರೆಯಾಗಿರುವುದು ಮೊದಲು ಬರೀ ತೊಂದರೆಯಾಗಿ ಕಂಡಿತ್ತು. ಒಂದು ಮರದ ಹಣ್ಣು ಹೆಬ್ಬೆರಳಿನಷ್ಟು ದಪ್ಪ, ತುಂಬಾ ತಿರುಳು. ಅದರ ಪಕ್ಕದ ಮರದ್ದು ಕಿರುಬೆರಳ ತುದಿಯಷ್ಟು, ಸಿಪ್ಪೆ ಸುಲಿದರೆ ಬೀಜವೇ ಹೆಚ್ಚು. ಚಿಕ್ಕದನ್ನು ನಾಯಿನೇರಳೆ ಎಂದು ಊರವರು ಬದಿಗೆ ಸರಿಸುತ್ತಾರಾದರೂ, ನನ್ನ ಗುಡ್ಡದಲ್ಲಿರುವ ಎರಡೂ ಸೈಜೀಜಿಯಂ ಕ್ಯುಮಿನಿ ಎಂಬ ಒಂದೇ ಪ್ರಭೇದದವು.

ಹನ್ನೆರಡು ಮರಗಳಿಗೆ ಸಂಖ್ಯೆ ಬರೆದು, ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಪ್ರತಿ ಮರದಡಿಯಿಂದ 30 ಹಣ್ಣು ಆಯ್ದು ಅಳೆದೆ. ಆ ವರ್ಷದ ಲೆಕ್ಕವನ್ನೆಲ್ಲ ಆಮೇಲೆ ಬಿಟ್ಟುಬಿಡಬೇಕಾಯಿತು. ನೆಲಕ್ಕೆ ಬಿದ್ದದ್ದು ಮರ ಬಿಟ್ಟ ಹಣ್ಣುಗಳ ಮಾದರಿಯಲ್ಲ, ಹಕ್ಕಿಗಳು ಬಿಟ್ಟು ಉಳಿದದ್ದು ಮಾತ್ರ: ಚಿಕ್ಕ ಹಣ್ಣನ್ನು ಕುಟ್ರುಹಕ್ಕಿ ಇಡಿಯಾಗಿ ನುಂಗಿ ಹಾರಿಹೋಗುತ್ತದೆ, ಬಾಯಿಗೆ ಹಿಡಿಸದ ದೊಡ್ಡದನ್ನು ಪಿಕಳಾರ ಕುಕ್ಕಿ ತಿರುಳಷ್ಟನ್ನೇ ತಿಂದು ಅಲ್ಲಿಯೇ ಉದುರಿಸುತ್ತದೆ. ಇದು ಸಾಲದೆಂಬಂತೆ ಬಾವಲಿಗಳು ಹಣ್ಣನ್ನು ಕಚ್ಚಿ ಒಯ್ದು ಬೇರೆ ಮರದಲ್ಲಿ ಕುಳಿತು ತಿನ್ನುವುದರಿಂದ, ಮಾವಿನ ಮರದ ಬುಡದಲ್ಲೂ ನೇರಳೆ ಬೀಜ ಸಿಗುತ್ತಿತ್ತು. ಐದನೆಯ ಮರದಡಿ ಸಿಕ್ಕದ್ದೆಲ್ಲ ಐದನೆಯ ಮರದ್ದೇ ಎಂದು ಹೇಳುವ ಹಾಗೂ ಇರಲಿಲ್ಲ.

ಮರುವರ್ಷ ಕಾಯಿ ಬಣ್ಣ ತಿರುಗುವ ಮೊದಲೇ, ಪ್ರತಿ ಮರದ ನಾಲ್ಕೂ ದಿಕ್ಕಿನ ಕೆಲವು ಗೊಂಚಲುಗಳಿಗೆ ಹಳೆಯ ಸೊಳ್ಳೆ ಪರದೆಯಿಂದ ಹೊಲಿದ ಚೀಲ ಕಟ್ಟಿ, ಪೂರ್ತಿ ಕಪ್ಪಾದ ಮೇಲೆ ಕಿತ್ತೆ. ಹಣ್ಣು ನೀರು ಬಿಟ್ಟು ಹಗುರಾಗುವುದರಿಂದ ಕಿತ್ತ ದಿನವೇ ಅಗಲ ಅಳೆದು, ಚಿನ್ನ ತೂಗುವ ಬಗೆಯ ಸಣ್ಣ ತಕ್ಕಡಿಯಲ್ಲಿ ಇಡೀ ಹಣ್ಣನ್ನೂ, ತಿರುಳು ತೆಗೆದು ಒರೆಸಿದ ಬೀಜವನ್ನೂ ಬೇರೆಬೇರೆಯಾಗಿ ತೂಗಿದೆ. ಬೆರಳ ನೇರಳೆ ಬಣ್ಣ ವಾರವಾದರೂ ಹೋಗಲಿಲ್ಲ.

ಮರದಿಂದ ಮರಕ್ಕೆ ಇರುವ ವ್ಯತ್ಯಾಸ ಒಂದೇ ಮರದ ಹಣ್ಣುಗಳ ನಡುವಿನದಕ್ಕಿಂತ ಸ್ಪಷ್ಟವಾಗಿ ಹೆಚ್ಚಿತ್ತು; ಆದರೆ ಹಣ್ಣು ದೊಡ್ಡದಾದ ಅಳತೆಯಲ್ಲೇ ಬೀಜ ದೊಡ್ಡದಾಗಿರಲಿಲ್ಲ. ನಾಲ್ಕನೆಯ ಮರದ ದಪ್ಪ ಹಣ್ಣು ಮತ್ತು ಒಂಬತ್ತನೆಯದರ ಬಡ ಹಣ್ಣು, ಎರಡರೊಳಗಿನ ಬೀಜವೂ ಹೆಚ್ಚುಕಡಿಮೆ ಒಂದೇ ತೂಕ. ಹಾಗಾಗಿ ಬಂಡೆಯ ಮೇಲೆ ಪುನುಗಿನ ಬೆಕ್ಕಿನ ಹಿಕ್ಕೆಯಲ್ಲಿ ಸಿಕ್ಕ ಬೀಜಗಳನ್ನು ಅಳೆದು ಅದು ಯಾವ ಗಾತ್ರದ ಹಣ್ಣನ್ನು ಆರಿಸುತ್ತದೆಂದು ತಿಳಿಯುವ ನನ್ನ ಉಪಾಯ ಅಲ್ಲಿಗೇ ಮುಗಿಯಿತು.

ನೇರಳೆ ಬೀಜ ಒಣಗಿದರೆ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ತೂಗಿದ ಮರುದಿನವೇ ಮರದ ಸಂಖ್ಯೆಯ ಪ್ರಕಾರ ಮಡಿಯಲ್ಲಿ ಊರಿದೆ. ಒಂದೇ ಬೀಜದಿಂದ ಎರಡು ಮೂರು ಸಸಿ ಏಳುವುದು ನೇರಳೆಯಲ್ಲಿ ಸಾಮಾನ್ಯವಾದ್ದರಿಂದ, ಸಸಿ ಎಣಿಸುವಾಗ ಊರಿದ ಬೀಜದ ಲೆಕ್ಕವನ್ನು ಬೇರೆ ಪುಟದಲ್ಲಿ ಬರೆದಿಟ್ಟುಕೊಂಡೆ. ಈಗ ಗುಡ್ಡದಲ್ಲಿ ನೆಡುವ ಸಸಿಗಳಿಗೆ ಒಂಬತ್ತನೆಯ ಮರದ ಬೀಜವನ್ನೂ ತಪ್ಪದೆ ಸೇರಿಸುತ್ತೇನೆ. ಮಾರಲು ಬಾರದ ಆ ಹಣ್ಣಿಗೆ ಕುಟ್ರುಹಕ್ಕಿಗಳು ಬೆಳಗಾಗುವ ಮೊದಲೇ ಬಂದು ಕೂರುತ್ತವೆ.